ಮುನಿಯಲ್ಲಪ್ಪನ ಪದಕಕ್ಕೆ ಹೊಲಿಸಿದ ಕೋಟು

ಶ್ರೀನಿವಾಸಪುರ
೧೦ನೇ ಫೆಬ್ರವರಿ ೧೯೪೬

ಚಿ. ಸೌ. ಮುತ್ಯಾಲಮ್ಮನಿಗೆ ನಿನ್ನ ಮಾವ ಮುನಿರಾಮಪ್ಪ ಮಾಡುವ ಆಶೀರ್ವಾದಗಳು. ಹೌದು, ಸೌ. ಎಂದೇ ಬರೆದಿದ್ದೇನೆ. ಗಂಡ ಹೋದವಳಿಗೆ ಹಾಗೆ ಬರೆಯಬಾರದು ಎನ್ನುವವರು ನಮ್ಮ ಮನೆ ಬಾಗಿಲಿಗೆ ಬಂದು ಹೇಳಲಿ, ಮಾತಾಡಿಕೊಳ್ಳುತ್ತೇನೆ. ನಿನ್ನ ಆರೋಗ್ಯ ಹೇಗಿದೆ ತಾಯಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಮಾಲೂರಿನಿಂದ ಬಂದವರೊಬ್ಬರು, ನೀನು ನಿಮ್ಮಣ್ಣನ ಇಟ್ಟಿಗೆ ಗೂಡಿನಲ್ಲಿ ಬಿಸಿಲಲ್ಲಿ ಇಟ್ಟಿಗೆ ಹೊರುತ್ತಿದ್ದೀಯೆಂದರು. ಇಲ್ಲಿ ನಾವು ಕ್ಷೇಮ. ಮಾವಿನ ತೋಟದಲ್ಲಿ ಹೂವು ಚೆನ್ನಾಗಿ ಬಿಟ್ಟಿದೆ.

ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ, ನನ್ನ ಮಗ ಮುನಿಯಲ್ಲಪ್ಪನಿಗೆ ಸರ್ಕಾರ ಶೌರ್ಯದ ಪದಕ ಕೊಡುತ್ತದಂತೆ. ಬರುವ ಭಾನುವಾರ ಕೋಲಾರದಲ್ಲಿ ಸಭೆ, ಬಿಳಿ ದೊರೆಯೊಬ್ಬ ಬರುತ್ತಾನೆ. ಪದಕವನ್ನು ಹೆಂಡತಿಯೇ ಬಂದು ತೆಗೆದುಕೊಳ್ಳತಕ್ಕದ್ದೆಂದು ಅಮಲ್ದಾರರ ಜವಾನ ಹೇಳಿ ಹೋದ. ಅದನ್ನು ಕೇಳಿದ್ದೇ ತಡ, ನಮ್ಮಣ್ಣ, ಅಂದರೆ ನಿನ್ನ ದೊಡ್ಡಮಾವ ದೊಡ್ಡವೆಂಕಟಪ್ಪ, ಕುಲದವರನ್ನೆಲ್ಲಾ ಅರಳಿಕಟ್ಟೆಗೆ ಕರೆಸಿದ. "ದೊರೆ ಪದಕಾನ ಎದೆಗೆ ಚುಚ್ತಾನೆ ಕಣ್ರೋ! ನಮ್ಮನೆ ಹೆಣ್ಣಿನ ಸೆರಗಿಗೆ ಪರಂಗಿಯೋನು ಕೈ ಹಾಕೋದಾ? ಅದೂ ವರ್ಷ ತುಂಬದ ಮುಂಡೆ, ಸಭೇಲಿ ನಿಲ್ಲೋದಾ?" ಎಂದ. ಎಲ್ಲರೂ ಹೂಂಗುಟ್ಟಿದರು. ನಿನಗೆ ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ತಾನೇ ಹೋಗುವುದೆಂದು ತೀರ್ಮಾನ ಮಾಡಿಕೊಂಡ. ಕೇಳು ಮುತ್ಯಾಲು, ಆ ಮಹಾಶಯ ಪದಕ ಚುಚ್ಚಿಸಿಕೊಳ್ಳಲು ಹೊಸ ಕೋಟು ಹೊಲಿಸಿದ್ದಾನೆ! ಪಿನ್ನು ಎಲ್ಲಿ ಮೈಗೆ ತಾಗೀತೋ ಎಂದು ಎದೆಯ ಹತ್ತಿರ ಎರಡು ಪದರ ಅಸ್ತರು ಹಾಕಿಸಿದ್ದಾನೆ! ಗುಂಡು ತಿಂದವನು ನನ್ನ ಮಗ, ಪಿನ್ನಿಗೆ ಹೆದರುವವನಿಗೆ ಪದಕ. ಊರೆಲ್ಲಾ ಆ ಕೋಟು ತೋರಿಸಿಕೊಂಡು ತಿರುಗುತ್ತಿದ್ದಾನೆ.

ಮುನಿಯಲ್ಲಪ್ಪ ದಂಡಿನ ಪಟಾಲಂ ಸೇರಿದಾಗ "ಕೂಳಿಗೆ ಗತಿಯಿಲ್ಲದೋರ ಕೆಲಸ" ಎಂದವನು ಇವನೇ ಅಲ್ಲವೇ? ರಜೆಗೆ ಬಂದವನನ್ನು "ಯಾರ್ಯಾರ ಜೊತೆ ಉಂಡವ್ನೋ" ಎಂದು ತನ್ನ ಮಗಳ ಮದುವೆಯ ಪಂಕ್ತಿಯಿಂದ ಎಬ್ಬಿಸಿದವನು ಇವನೇ ಅಲ್ಲವೇ? ನನ್ನ ಮಗ ನಗುತ್ತಾ ಎದ್ದು ಬಂದು ನಿನ್ನ ಕೈಯಲ್ಲಿ ಮುದ್ದೆ ಮಾಡಿಸಿಕೊಂಡು ತಿಂದ.

ಮೊನ್ನೆ ಮುಳಬಾಗಿಲಿನಿಂದ ಲಕ್ಷ್ಮೀನಾರಾಯಣ ಎಂಬಾತ ಊರುಗೋಲು ಊರಿಕೊಂಡು ಬಂದಿದ್ದ. ಪುರೋಹಿತರ ಮಗ, ಬರ್ಮಾದಲ್ಲಿ ನಮ್ಮವನ ಜೊತೆಗಿದ್ದವನು. ಹೊಳೆಯ ಆಚೆ ದಡದಲ್ಲಿ ಗಾಯಗೊಂಡವರು ಬಿದ್ದಿದ್ದರಂತೆ. ಗುಂಡು ಹಾರುತ್ತಿದ್ದರೂ ಮುನಿಯಲ್ಲಪ್ಪ ಒಬ್ಬೊಬ್ಬರನ್ನೇ ಮಾವಿನ ಬುಟ್ಟಿಯ ಹಾಗೆ ಹೆಗಲಿಗೇರಿಸಿ ಈಚೆಗೆ ತಂದನಂತೆ. ಈ ಲಕ್ಷ್ಮೀನಾರಾಯಣನನ್ನು ಇಳಿಸಿದ ಮೇಲೆ ಎಲ್ಲರೂ ಸಾಕು ಎಂದರೂ, "ಇನ್ನೊಬ್ಬ ಕೂಗ್ತಾವ್ನೆ, ಬಂದ್ಬಿಟ್ಟೆ" ಎಂದು ಮತ್ತೆ ನೀರಿಗಿಳಿದನಂತೆ. ಬರಲಿಲ್ಲ. ಇಷ್ಟು ಹೇಳಿ ಆತ ನಮ್ಮ ಜಗುಲಿಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತ. "ಅತ್ತಿಗೆ ಎಲ್ಲಿ? ಅವರ ಕಾಲಿಗೆ ಬೀಳ್ಬೇಕು" ಎಂದ. ತವರಿಗೆ ಅಟ್ಟಿಬಿಟ್ಟಿದ್ದೇವೆ ಎನ್ನದೆ, ನಾಲ್ಕು ದಿನಕ್ಕೆಂದು ತವರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದೆ. ನಿನ್ನ ಅತ್ತೆ ಅಕ್ಕಯಮ್ಮ ಎದ್ದು ಒಳಗೆ ಹೋದಳು. ಕೆರೆ ಏರಿಯ ಮೇಲೆ ನಿನ್ನ ಬಳೆ ಒಡೆಸಿ, ನಿನ್ನ ಮುಖ ನೋಡಲಾರೆನೆಂದು ಬಸ್ಸು ಹತ್ತಿಸಿದವಳು ಅವಳೇ ತಾನೇ.

ನಿನ್ನೆ ನಾನೇ ಅಮಲ್ದಾರರ ಕಚೇರಿಗೆ ಹೋಗಿ, ಸೊಸೆ ಗಟ್ಟಿಮುಟ್ಟಾಗಿದ್ದಾಳೆ, ಅವಳೇ ಬರುತ್ತಾಳೆ ಎಂದು ಹೇಳಿಬಂದೆ. ತೀರಿಕೊಂಡವರ ಪದಕವನ್ನು ಯಾರಿಗೂ ಚುಚ್ಚುವುದಿಲ್ಲವಂತೆ, ಡಬ್ಬಿಯಲ್ಲಿಟ್ಟು ಕೈಗೆ ಕೊಡುತ್ತಾರಂತೆ. ಕೋಟು ದಂಡ! ಇದನ್ನು ಹೇಳಿದ್ದಕ್ಕೆ ಅಣ್ಣ, "ನೀನು ನನ್ನ ತಮ್ಮನೇ ಅಲ್ಲ, ಪೋರಾ, ಹೋಗಾಚೆ!" ಎಂದ. ಬೇಡ ಬಿಡು ಎಂದು ಬಂದೆ. ಭಾನುವಾರ ನೀನು ತಲೆಯೆತ್ತಿ ನಿಂತು ಅದನ್ನು ತೆಗೆದುಕೊಳ್ಳಬೇಕು, ಅಷ್ಟೇ.

ನಿಮ್ಮಣ್ಣ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಇಟ್ಟಿಗೆ ಹೊರಿಸಿದ್ದನ್ನು ಎದುರಿಗೇ ಕೇಳುತ್ತೇನೆ. ಆ ಮುನೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಾವ,
ಮುನಿರಾಮಪ್ಪ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ನಿನ್ನ ಅತ್ತೆ ಬಂದು ಜಗಳ ತೆಗೆದಳು. "ಬರೀ ಪದಕಕ್ಕೆ ಕರೀತೀರಾ? ಮನೇಗ್ ಕರೀರಿ! ಕಾಗದ ಬರದ್ರೆ ಯಾಕ್ ಬರ್ತಾಳೆ ಅವ್ಳು? ಕಳಿಸ್ದೋಳು ನಾನು, ನಾನೇ ಹೋಗ್ತೀನಿ" ಎಂದು ಬಸ್ಸಿಗೆ ಹೊರಟೇಬಿಟ್ಟಳು. ಒಬ್ಬಳೇ ಊರು ದಾಟಿದವಳಲ್ಲ. ಅಂಚೆಯವನಿಗಿಂತ ಮೊದಲೇ ಅವಳು ನಿಮ್ಮ ಬಾಗಿಲಲ್ಲಿ ನಿಂತಿದ್ದರೂ ನಿಂತಿರಬಹುದು. ಬೈಯಬೇಕೆನಿಸಿದರೆ ಬೈದುಬಿಡು. ಆಮೇಲೆ ನಿನ್ನ ಪೆಟ್ಟಿಗೆಯನ್ನು ಅವಳ ತಲೆಯ ಮೇಲೇ ಇಡು, ಹೊತ್ತು ತರಲಿ.