ಕಡಲು ಒಯ್ದ ಶೂ

ಹೊನ್ನಾವರ, ಮೇ 12

ದೊಡ್ಡಪ್ಪಾ, ನಿನ್ನ ಯಮುನಾ ಚೆನ್ನಾಗಿದ್ದಾಳೆ. ನಿನ್ನ ಫೋನು ಯಾವಾಗಲೂ ಅಮ್ಮನ ಕೈಯಲ್ಲೇ ಇರುತ್ತದೆ, ಅದಕ್ಕೇ ಈ ಕಾರ್ಡು.

ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿ ವಾರವಾಯಿತು. ಇಲ್ಲೂ ಬೆಳಗಿನ ಓಟ ಬಿಟ್ಟಿಲ್ಲ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಡಿನ ನಡುವೆ ಹಲಗೆ ಹಾಸಿದ ದಾರಿಯಿದೆ, ಕೆಳಗೆ ಕೆಸರಿನಲ್ಲಿ ಏಡಿಗಳೂ ನನ್ನ ಜೊತೆ ಓಡುತ್ತವೆ. ಅಲ್ಲಿಂದ ಮುಂದೆ ಕಡಲದಂಡೆ.

ಸೋಮವಾರ ಆ ಒದ್ದೆ ಮರಳು ಕಂಡದ್ದೇ ನಮ್ಮ ಶೆಟ್ಟಿಹಳ್ಳಿ ಹಿನ್ನೀರು ನೆನಪಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಪಾಳು ಚರ್ಚಿನ ಸುತ್ತ ಬರಿಗಾಲಲ್ಲಿ ಓಡುತ್ತಿದ್ದೆನಲ್ಲ, ಹಾಗೆಯೇ ಶೂ ಬಿಚ್ಚಿ ನೀರಂಚಿನಲ್ಲಿಟ್ಟು ಓಡಿದೆ. ಗಂಟೆ ಬಿಟ್ಟು ಬಂದರೆ ಶೂನೂ ಇಲ್ಲ, ಇಟ್ಟ ಜಾಗವೂ ಇಲ್ಲ! ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ನಕ್ಕುಬಿಟ್ಟಳು. "ಯಾವ ಊರು ನಿಂದು? ನೀರು ಏರೂದು ಗೊತ್ತಿಲ್ವಾ?" ನಮ್ಮ ಕಡೆ ನೀರು ಏರಬೇಕಾದರೆ ಮಳೆಗಾಲವೇ ಬರಬೇಕು ಎಂದೆ. ಅವಳು ನಂಬಲಿಲ್ಲ.

ಅಂಗಾಲಿಗೆ ಚಿಪ್ಪು ಚುಚ್ಚಿದೆ, ಅಷ್ಟೇ, ಮಾಯುತ್ತಿದೆ. ಸಂಬಳ ಬಂದ ಮೇಲೆ ಬೇರೆ ಶೂ ಕೊಳ್ಳುತ್ತೇನೆ. ಅಮ್ಮನಿಗೆ ಹೇಳಬೇಡ.

ಡ್ಯೂಟಿಗೆ ಹೊತ್ತಾಯಿತು, ಕಾರ್ಡೂ ತುಂಬಿತು. ಹಿನ್ನೀರಿನ ಬಳಿ ನಾನು ಚಪ್ಪಲಿ ಬಿಚ್ಚಿಟ್ಟಾಗೆಲ್ಲ, ಕುರಿ ಮೇಯಿಸುತ್ತಿದ್ದ ನೀನು "ನೀನ್ ಓಡವ್ವ, ಚಪ್ಲಿ ಎಲ್ಲಿಗೋಯ್ತದೆ" ಅನ್ನುತ್ತಿದ್ದೆ. ಕುರಿಗಳು ಎಷ್ಟು ದೂರ ಮೇಯಲು ಹೋದರೂ ನೀನು ಮಾತ್ರ ನನ್ನ ಚಪ್ಪಲಿ ಪಕ್ಕದಲ್ಲೇ ಟವೆಲ್ ಹಾಸಿಕೊಂಡು ಕೂತಿರುತ್ತಿದ್ದೆ. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ, ನೋಡು.

ಯಮುನಾ