ಯಾರೂ ಅಳಿಸಲಾಗದ ಮೀನುಗಳು

ದೆಸಾಂಕಾ ಅತ್ತೆ,

ನೀನು ಸಂತೆಗೆ ಹೋದಾಗ ಚರ್ಮದ ಕಾರ್ಖಾನೆಯ ಮ್ಯಾನೇಜರ್ ಬಂದಿದ್ದ. ನದಿಯಲ್ಲಿ ಸತ್ತ ಮೀನುಗಳ ನಿನ್ನ ಫೋಟೋ ಅಳಿಸಬೇಕಂತೆ. ಹಳೇ ಜಾಲತಾಣಕ್ಕೆ ದೂರು ಕೊಟ್ಟು ಎರಡು ಸಲ ತೆಗೆಸಿದ ನಾಚಿಕೆಗೆಟ್ಟವನು ಇವನೇ. ನಿನ್ನೆ ನಾನು ನಿನ್ನನ್ನು ಸೇರಿಸಿದ ಬ್ಲಾಕ್‌ಚೈನ್ ತಾಣಕ್ಕೆ ಯಜಮಾನನೇ ಇಲ್ಲ. ಅಲ್ಲಿ ಹಾಕಿದ ಫೋಟೋದ ಪ್ರತಿ ನೂರಾರು ಅಪರಿಚಿತರ ಕಂಪ್ಯೂಟರಿನಲ್ಲಿದೆ. "ಅಳಿಸೋದು ನನ್ನ ಕೈಲೂ ಆಗಲ್ಲ ಸ್ವಾಮಿ, ಕಾಫಿ ಕುಡೀರಿ" ಅಂತ ಬಗ್ಗಿಸಿ ಕೊಟ್ಟೆ. ಮುಟ್ಟದೆ ಎದ್ದು ಹೋದ.

ನಿನ್ನ ಖಾತೆಯ ಕೀಲಿ, ಆ ಹನ್ನೆರಡು ಪದಗಳ ಕಾಗದ, ಸಂತ ನಿಕೋಲಾನ ಪಟದ ಹಿಂದಿದೆ. ಕಳೆದರೆ ಯಾವ ಕಚೇರಿಯೂ ಇನ್ನೊಂದು ಕೊಡುವುದಿಲ್ಲ. ಪಕ್ಕದ ಮನೆ ಮಿಲುಂಕಾಗೆ ಓದಿ ಹೇಳಬೇಡ. ಸಿಟ್ಟು ಬಂದಾಗ ಅವಳ ಅಡುಗೆಯನ್ನು ಆ ತಾಣದಲ್ಲಿ ಬಯ್ಯಲೂಬೇಡ, ಅದೂ ಅಳಿಯುವುದಿಲ್ಲ.

ಕೆಳಗಿನ ಮಡುವಿನಲ್ಲಿ ಇನ್ನೂ ಮೀನು ತೇಲುತ್ತಿವೆಯಂತೆ, ಫೋಟೋ ತೆಗೆಯಲು ಹೊರಟೆ. ಮ್ಯಾನೇಜರನ ಕಾಫಿ ಕಪ್ಪು ತುಂಬಿದ ಹಾಗೇ ಮೇಜಿನ ಮೇಲಿದೆ. ನೀನು ಕಣ್ತುಂಬ ನೋಡಲೆಂದೇ ತೊಳೆದಿಲ್ಲ.

ಓಗ್ನೆನ್