ಬಿದ್ದ ಮೇಲೆ ಕೈ ಎತ್ತಬೇಕು

೧೪ ಜುಲೈ, ಭಾನುವಾರ

ನನ್ನ ಮುದ್ದು ಕೋತಿಗೆ,

ಅಕ್ಕನ ಆಶೀರ್ವಾದಗಳು. ಹೇಗಿದ್ದೀಯ? ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ಶಾಲೆಗಳು ಶುರುವಾಗಿವೆ, ಅಂಗಡಿಯಲ್ಲಿ ಯೂನಿಫಾರ್ಮ್ ಬಟ್ಟೆ ರಾಶಿ ಬಿದ್ದಿದೆ. ಹೊಲಿದು ಹೊಲಿದು ಸೊಂಟ ಬಿದ್ದುಹೋಗಿದೆ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ನಗಿಸಿ ನಗಿಸಿ ಕೇಳಬೇಕಾದ್ದನ್ನೇ ಮರೆಸಿಬಿಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ.

ಕೊನೆಗೂ ನಿನ್ನ ಸಿನಿಮಾ ನೋಡಿದೆವು. "ತಲೆ ಕೆಡುತ್ತೆ ಅಕ್ಕ, ನೋಡಬೇಡ" ಅಂದಿದ್ದೆಯಲ್ಲ, ಕೆಟ್ಟೇಹೋಯಿತು. ಹೀರೋಗೆ ಕಾಲ ಹಿಂದಕ್ಕೆ ಓಡುತ್ತದೆ, ಉಳಿದವರಿಗೆಲ್ಲ ಮುಂದಕ್ಕೆ. ಸರಿ, ಒಪ್ಪೋಣ. ಆದರೆ ನಾಳೆಯಿಂದ ಬಂದ ಅವನೇ ಇವತ್ತಿನ ಅವನಿಗೆ ಯಾಕೆ ಒದೆಯುತ್ತಾನೆ? ಇಬ್ಬರೂ ಕೂತು ಮಾತಾಡಿದ್ದರೆ ಇಂಟರ್‌ವಲ್ಲಿಗೇ ಮುಗಿಯುತ್ತಿತ್ತು. ಗಡಿಯಾರ ರಿಪೇರಿ ಮಾಡಿಯೇ ತಲೆ ನರೆಸಿಕೊಂಡ ನಿನ್ನ ಭಾವನಿಗೂ ತಲೆಬುಡ ತಿಳಿಯಲಿಲ್ಲ. ಅಮ್ಮನಿಗೆ ಮಾತ್ರ ಯಾವ ಗೊಂದಲವೂ ಇಲ್ಲ. "ಕಥೆ ಹಾಳಾಗ್ಲಿ, ಆ ಕೆಂಪು ಕೋಟು ಹಾಕ್ಕೊಂಡು ಬೀಳೋನು ನನ್ನ ಮಗ" ಅಂತ ಅಕ್ಕಪಕ್ಕದ ಸೀಟಿನವರಿಗೆಲ್ಲ ಸಾರಿದಳು. ಹೀರೋಗೆ ಡೂಪ್ ಯಾರು ಅಂತ ಇಡೀ ಥಿಯೇಟರಿಗೆ ಗೊತ್ತಾಯಿತು.

ಫೈಟಿಂಗ್ ಅಂದರೆ ಮಾತ್ರ, ಅಬ್ಬಬ್ಬಾ! ಬಾಯಿ ಬಿಟ್ಟುಕೊಂಡು ನೋಡಿದೆ. ಬಿದ್ದವರೆಲ್ಲ ನೆಲದಿಂದ ಮೇಲಕ್ಕೆ ಹಾರುವುದು, ಒಡೆದ ಗಾಜು ಕಿಟಕಿಗೆ ವಾಪಸ್ ಕೂರುವುದು. ಹಾಗೇ ಆ ಕೈ! ಹಿತ್ತಲ ಗೋಡೆಯಿಂದ ಧುಮುಕುವ ನಿನ್ನ ಹುಚ್ಚಿಗೆ ಚಿಕ್ಕಂದಿನಲ್ಲಿ ನಾನು ಹಾಕಿದ್ದು ಒಂದೇ ಷರತ್ತು: ಬಿದ್ದ ಮೇಲೆ ಕೈ ಎತ್ತಬೇಕು, ಏನೂ ಆಗಿಲ್ಲ ಅಂತ ನನಗೆ ಗೊತ್ತಾಗಬೇಕು. ಅದನ್ನೇ ನೀನು ಕೆಲಸಕ್ಕೂ ಒಯ್ದೆ, ನಿನ್ನ ತಂಡದವರಿಗೂ ಕಲಿಸಿದೆ. ನಿಮ್ಮ ಡೈರೆಕ್ಟರ್ ಅದನ್ನು ಕತ್ತರಿಸದೆ, ಇಡೀ ದೃಶ್ಯವನ್ನು ತಿರುಗಾಮುರುಗಾ ಓಡಿಸಿದ್ದಾರೆ. ಹಾಗಾಗಿ ಬಿದ್ದವನು ಮೊದಲು ಕೈ ಎತ್ತುತ್ತಾನೆ, ಆಮೇಲೆ ಮೇಲಕ್ಕೆ ಹಾರುತ್ತಾನೆ. ಜನ ಅದನ್ನು ಏನೋ ಮಂತ್ರ ಅಂದುಕೊಂಡಿದ್ದಾರೆ ಕಣೋ! ಇಂಟರ್‌ವಲ್ಲಿನಲ್ಲಿ ಮಕ್ಕಳು ಮೆಟ್ಟಿಲ ಮೇಲೆಲ್ಲ ಮಲಗಿ ಕೈ ಎತ್ತುತ್ತಿದ್ದವು. ನಾನು ಹಿಗ್ಗಿ ಹೀರೇಕಾಯಿಯಾದೆ.

ಈಗ ಮುಖ್ಯ ವಿಷಯ. "ಎರಡನೇ ಭಾಗಕ್ಕೂ ಒಪ್ಪಿಕೊಂಡಿದ್ದೇನೆ, ಈ ಸಲ ಇನ್ನೂ ಎತ್ತರದ ಕಟ್ಟಡ" ಅಂತ ಕಾಗದದಲ್ಲಿ ಕೊಚ್ಚಿಕೊಂಡಿದ್ದೀಯ. ನಾನು ಬರುವವರೆಗೆ ನೀನು ಕುರ್ಚಿಯಿಂದಲೂ ಧುಮುಕಕೂಡದು. ಗುರುವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಾಗಿದೆ. ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಹೇಳಿ ತಿಂಗಳುಗಟ್ಟಲೆ ಮಲಗಿದ್ದೆಯಲ್ಲ, ಆಗ ತೆಗೆಸಿದ ಬೆನ್ನಿನ ಎಕ್ಸ್-ರೇ ಎಲ್ಲ ಹುಡುಕಿಟ್ಟಿರು. ನಾವಿಬ್ಬರೂ ಡಾಕ್ಟರ ಹತ್ತಿರ ಹೋಗುತ್ತೇವೆ. ಹಾರಬಹುದು ಅಂತ ಅವರು ನನ್ನ ಮುಖ ನೋಡಿ ಹೇಳಿದರೆ, ನಾನೇ ಕೆಳಗೆ ಹಾಸಿಗೆ ಪಕ್ಕ ನಿಂತು ನಿನ್ನನ್ನು ಹಾರಿಸುತ್ತೇನೆ. ಬೇಡ ಅಂದರೆ ಬೇಡ. ಡೈರೆಕ್ಟರ್ ಹತ್ತಿರ ಮಾತಾಡುವುದು ನನಗೆ ಬಿಡು. ಹೊಸಬರಿಗೆ ಬೀಳುವುದು ಹೇಳಿಕೊಡು, ಮೇಷ್ಟ್ರಾದರೆ ನಿನ್ನ ಮೀಸೆಯೇನೂ ಮಣ್ಣಾಗುವುದಿಲ್ಲ. ಮುಖ ಊದಿಸಿಕೊಂಡು ಕೂತರೂ ನಾನು ಹಿಂದೆ ಸರಿಯುವವಳಲ್ಲ, ಅದು ನಿನಗೇ ಗೊತ್ತು.

ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ನೆಟ್ಟಗೆ ಬಾಳು, ನೆಟ್ಟಗಿನ ಬೆನ್ನಿನ ಜೊತೆಗೆ.

ಇಂತಿ ನಿನ್ನ,
ಅಕ್ಕ

ತಾ.ಕ.: ಥಿಯೇಟರಿನಿಂದ ಬರುವಾಗ ನಿನ್ನ ಭಾವ, "ಸಿನಿಮಾದಲ್ಲಿ ಒಂದು ದೊಡ್ಡ ತಪ್ಪಿದೆ ಕಣೇ. ಎಲ್ರೂ ಕೈ ಎತ್ತಿ ಆಮೇಲೆ ಹಾರ್ತಾರೆ. ಕೊನೇಲಿ ಗೋಪುರದ ಕೆಳಗೆ ಬಿದ್ದಿರೋ ಹೀರೋ ಮಾತ್ರ ಕೈ ಎತ್ತೋದೇ ಇಲ್ಲ, ಸುಮ್ನೆ ಹಾರಿಬಿಡ್ತಾನೆ. ಅವನಿಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯನಾ?" ಅಂದರು.

ಬಚ್ಚಲಂತೆ, ಜಾರಿದ್ದಂತೆ! ಅಮ್ಮನಿಗೆ ಆ ಸುಳ್ಳೇ ಇರಲಿ. ನನಗೆ ಹೇಗೆ ಹೇಳಿದೆಯೋ ಅದನ್ನು? ಆ ಗೋಪುರದ ದೃಶ್ಯದಲ್ಲಿ ಕೆಂಪು ಕೋಟು ನೆಲದ ಮೇಲೆ ಅಲುಗಾಡದೆ ಬಿದ್ದಿತ್ತು. ನಾನು ನಿನ್ನ ಕೈಗೆ ಕಾಯುತ್ತಲೇ ಇದ್ದೆ. ಕಾಯುತ್ತಾ ಕಾಯುತ್ತಾ ನನ್ನ ಕೈಯೇ ಯಾವಾಗ ಮೇಲೆದ್ದಿತೋ ಗೊತ್ತಿಲ್ಲ. "ಅಮ್ಮಾ, ಕೈ ಇಳಿಸಿ, ಏನೂ ಕಾಣಿಸ್ತಿಲ್ಲ" ಅಂತ ಹಿಂದಿನ ಸೀಟಿನವನು ರೇಗಿದ. ನಾನು ಇಳಿಸಲಿಲ್ಲ ಕಣೋ.